ಕೌದಿಯ ಬೆಲೆಯಲ್ಲಿ ಗಂಟೆಯೂ ಸೇರಲಿ

ಒಬ್ಬರು ಹೊದೆಯುವ ಕೌದಿ ಎಂದರೆ ಸುಮಾರು 90 ಇಂಚು ಉದ್ದ, 60 ಇಂಚು ಅಗಲ. ಮೂರು ಇಂಚಿಗೊಂದು ಗೆರೆಯಂತೆ ಉದ್ದಕ್ಕೂ ಅಡ್ಡಕ್ಕೂ ಹೊಲಿಗೆ ಹಾಕಿದರೆ ಸೂಜಿ ಸಾಗುವ ದಾರಿ 3,600 ಇಂಚು. ಅಂದರೆ ನೂರು ಗಜ. ಇಂಚಿಗೆ ಎಂಟು ಹೊಲಿಗೆ ಹಿಡಿದರೆ 28,800 ಹೊಲಿಗೆ. ಗೆರೆಗಳನ್ನು ಒಂದೂವರೆ ಇಂಚಿಗೆ ಒತ್ತಾಗಿ ಹೊಡೆದರೆ ಎಲ್ಲವೂ ದುಪ್ಪಟ್ಟು. ಇದು ಬರೀ ಗೆರೆ ಹೊಡೆಯುವ ಲೆಕ್ಕ. ಅದಕ್ಕೂ ಮೊದಲು ಸೀರೆ ಒಗೆದು, ಇಸ್ತ್ರಿ ಮಾಡಿ, ಸವೆದ ಭಾಗ ತೆಗೆದು, ತುಂಡು ಕತ್ತರಿಸಿ ಜೋಡಿಸಿ, ಪದರ ಹಾಸಿ ಪಿನ್ನು ಚುಚ್ಚುವ ಕೆಲಸವಿದೆ. ಕೊನೆಗೆ ಸುತ್ತ ಗೋಟು ಕಟ್ಟಬೇಕು. ಇಷ್ಟಾದ ಮೇಲೆ ಗಿರಾಕಿಯ ಬಾಯಿಂದ ಬರುವ ಮಾತು ಹೆಚ್ಚುಕಡಿಮೆ ಒಂದೇ: "ಸೀರೆ ನಮ್ಮವೇ ಅಲ್ವಾ? ಬರೀ ಹೊಲಿಯೋದಕ್ಕೆ ಇಷ್ಟೊಂದಾ?"

ಮನೆಯಲ್ಲಿ ಮಷೀನು ಇಟ್ಟುಕೊಂಡು ಕೌದಿ, ರಜಾಯಿ, ಮಗುವಿನ ಹೊದಿಕೆ ಹೊಲಿದು ಸಂಸಾರಕ್ಕೆ ಆಸರೆಯಾದ ಹೆಂಗಸರ ಕಷ್ಟವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಬಟ್ಟೆಗೆ ಬೆಲೆ ಇದೆ. ದಾರಕ್ಕೆ, ನಡುಪದರದ ವ್ಯಾಡಿಂಗಿಗೆ, ಮಷೀನಿಗೆ, ಕರೆಂಟಿಗೆ ಬೆಲೆ ಇದೆ. ಮನೆಯೊಳಗೆ ಕಳೆದ ಗಂಟೆಗೆ ಮಾತ್ರ ಇಲ್ಲ. ಕಳೆದ ಕೆಲವು ದಶಕಗಳಲ್ಲಿ ಈ ಕಸುಬಿನ ಬಟ್ಟೆ ಬದಲಾಯಿತು, ಯಂತ್ರ ಬದಲಾಯಿತು, ಗಿರಾಕಿಯೂ ಬದಲಾದರು. ಬದಲಾಗದೆ ಉಳಿದದ್ದು ಈ ಲೆಕ್ಕ. ನವಿ ಮುಂಬಯಿಯ ಕೋಪರಖೈರಣೆಯಿಂದ ಕಲ್ಯಾಣದವರೆಗೆ ಹರಡಿಕೊಂಡಿರುವ ಮನೆಹೊಲಿಗೆಯ ಕಸುಬು ಉಳಿಯಬೇಕಾದರೆ ಮೊದಲು ತಿದ್ದಬೇಕಾದದ್ದು ಅದನ್ನೇ.

ಉತ್ತರ ಕರ್ನಾಟಕದ ಮನೆಗಳಿಗೆ ಕೌದಿ ಹೊಸದಲ್ಲ. ಉಟ್ಟು ಹಳತಾದ ಇಳಕಲ್ ಸೀರೆ, ಧೋತರ, ಹರಿದ ಕುಪ್ಪಸದ ಖಣ ಎಲ್ಲವೂ ಪದರು ಪದರಾಗಿ ಕೂಡಿ ಚಳಿಗೆ ಹೊದಿಕೆಯಾಗುತ್ತಿದ್ದವು. ಬಾಣಂತಿಯ ಕೋಣೆಗೂ ಕೂಸಿನ ತೊಟ್ಟಿಲಿಗೂ ಅದೇ ಬೇಕಾಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ಓಣಿಯ ಹೆಂಗಸರು ಕೂಡಿ ಹೊಲಿಯುತ್ತಿದ್ದರು. ಇಲ್ಲವೇ ಊರೂರು ಸುತ್ತುವ ಅಲೆಮಾರಿ ಸಮುದಾಯದ ಹೆಂಗಸರು ಕಟ್ಟೆಯ ಮೇಲೆ ಕೂತು ಹೊಲಿದುಕೊಟ್ಟು ಕಾಳು, ಹಣ ಪಡೆಯುತ್ತಿದ್ದರು. ಹತ್ತಿ ಹಿಂಜಿ ಗಾದಿ ತುಂಬುವ ಕೆಲಸ ಪಿಂಜಾರ–ನದಾಫರದ್ದು. ಮರಾಠಿ ನಾಡಿನಲ್ಲಿ ಇದೇ ಹೊದಿಕೆಗೆ ಗೋಧಡಿ ಎನ್ನುತ್ತಾರೆ. ಒಂಬತ್ತು ಗಜದ ಹತ್ತಿ ಸೀರೆ ಅಲ್ಲಿಯ ಮುಖ್ಯ ಸಾಮಗ್ರಿ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಸುತ್ತಲಿನ ಸಿದ್ದಿ ಹೆಂಗಸರ ಕೌದಿಯ ಕ್ರಮವೇ ಬೇರೆ. ಅವರು ಅಂಚಿನಿಂದ ಹೊಲಿಗೆ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ 'ಫುಲಾ' ಕೂರಿಸದೆ ಅವರ ಕೌದಿ ಪೂರ್ತಿಯಾಗುವುದಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಕೌದಿಗಳ ಬಗ್ಗೆ ಬರೆದರು, ಹೊಲಿಯುವವರ ಸಹಕಾರಿ ಗುಂಪು ಕಟ್ಟಲು ನೆರವಾದರು. ಕೌದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋದವು. ಕಾಡಂಚಿನ ಹಾಡಿಯಲ್ಲಿ ಮನೆಬಳಕೆಗೆ ಹೊಲಿದದ್ದು ಕಲಾವಸ್ತುವಾಗಿ ಗೋಡೆ ಏರಿದಾಗ ಜನ ಅದರ ಹಿಂದಿನ ಹೊತ್ತನ್ನು, ಕಣ್ಣನ್ನು, ಕೈಯನ್ನು ಗಮನಿಸಿದರು. ಹಾಸಿಗೆಯ ಮೇಲಿದ್ದಾಗ ಅಷ್ಟು ಗಮನ ಸಿಕ್ಕಿರಲಿಲ್ಲ.

ಇನ್ನು ಕೋಪರಖೈರಣೆ. ಸಿಡ್ಕೋ ಸಂಸ್ಥೆ 1970ರಲ್ಲಿ ಹುಟ್ಟಿ, ಥಾಣೆ ಖಾರಿಯ ಆಚೆ ಹೊಸ ಮುಂಬಯಿ ಕಟ್ಟಲು ಹೊರಟಾಗ ಇಲ್ಲಿದ್ದದ್ದು ಬೋನ್‌ಕೋಡೆ, ಖೈರಣೆಯಂಥ ಹಳ್ಳಿಗಳು, ಭತ್ತದ ಗದ್ದೆ, ಉಪ್ಪಿನ ನೀರು. ಪೂರ್ವಕ್ಕೆ ರಬಾಳೆ, ಮಹಾಪೆ, ಪಾವಣೆಯ ಕೈಗಾರಿಕಾ ಪಟ್ಟಿ, ದಕ್ಷಿಣಕ್ಕೆ ವಾಶಿ–ತುರ್ಭೆಯ ಎಪಿಎಂಸಿ ಮಾರುಕಟ್ಟೆ. ಇವೆರಡರ ನಡುವೆ ದುಡಿಯುವ ಜನರಿಗೆ ಮನೆ ಬೇಕಿತ್ತು. ಸಣ್ಣ ಸಣ್ಣ ನಿವೇಶನ, ಸಾಲುಮನೆ, ಹೊರೆ ಹೊರುವ ಮಾಥಾಡಿ ಕಾರ್ಮಿಕರ ವಸತಿ ಇಲ್ಲಿ ಎದ್ದವು. 2004ರಲ್ಲಿ ಥಾಣೆ–ವಾಶಿ ನಡುವೆ ಲೋಕಲ್ ಗಾಡಿ ಓಡತೊಡಗಿದ ಮೇಲೆ ಊರು ಇನ್ನಷ್ಟು ತುಂಬಿತು. ಕರಾವಳಿಯ ಹೋಟೆಲ್ ಕುಟುಂಬಗಳು, ವಿಜಯಪುರ–ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಬ್ಯಾಂಕು ಕಚೇರಿಗಳ ನೌಕರರು ಹೀಗೆ ಹಲವು ಬಗೆಯ ಕನ್ನಡಿಗರು ನವಿ ಮುಂಬಯಿಯಲ್ಲಿ ನೆಲೆಸಿದ್ದಾರೆ. ಕೌದಿಯ ಕನ್ನಡ ಮನೆ, ಗೋಧಡಿಯ ಮರಾಠಿ ಮನೆ ಇಲ್ಲಿ ಒಂದೇ ಗೋಡೆ ಹಂಚಿಕೊಂಡಿವೆ.

ಈ ನಗರಗಳಲ್ಲಿ ಹೆಂಗಸೊಬ್ಬಳು ಮನೆಯಲ್ಲೇ ಮಷೀನು ತುಳಿಯಲು ಕೂರುವುದಕ್ಕೆ ಕಾರಣ ಹುಡುಕಬೇಕಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದ ನಂತರ ಮುಂಬಯಿಯಲ್ಲಿ ಸಾವಿರಾರು ಸಂಸಾರಗಳು ತಿಂಗಳ ಸಂಬಳದಿಂದ ದಿನದ ದುಡಿಮೆಗೆ ಇಳಿದವು. ಅಂಥ ಮನೆಗಳಲ್ಲಿ ಹಪ್ಪಳ, ಡಬ್ಬಿ, ಹೊಲಿಗೆ ನೆರವಿಗೆ ಬಂದವು. ಇವತ್ತಿನ ಕಾರಣ ಇನ್ನೂ ನೇರ. ಮಗುವನ್ನು ಶಾಲೆಗೆ ಬಿಟ್ಟು ಕರೆತರುವ ನಡುವಿನ ಹೊತ್ತಿನಲ್ಲಿ, ಅತ್ತೆ ಮಾವನ ಔಷಧಿಯ ವೇಳೆ ತಪ್ಪಿಸದೆ, ಲೋಕಲ್ ಗಾಡಿಯ ಎರಡು ಮೂರು ಗಂಟೆ ಕಳೆಯದೆ ದುಡಿಯಲು ಸಾಧ್ಯವಾಗುವುದು ಮನೆಯಲ್ಲಿ ಮಾತ್ರ.

ಮನೆಗೆ ಯಂತ್ರ ತಂದ ಕಥೆಯಲ್ಲೂ ಮುಂಬಯಿಗೆ ಜಾಗವಿದೆ. ಐಸಾಕ್ ಸಿಂಗರ್ 1851ರಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಐದು ವರ್ಷಗಳ ಬಳಿಕ ಕಂಪನಿ ಕಂತಿನ ಮಾರಾಟ ಶುರುಮಾಡಿತು. ಸಾಧಾರಣ ಸಂಸಾರಕ್ಕೂ ಯಂತ್ರ ಎಟುಕಿದ್ದು ಆಗಲೇ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಭಾರತದಲ್ಲಿ ಸಿಂಗರ್ ಮಾರಾಟವನ್ನು ಮುಂಬಯಿಯಿಂದ ನಡೆಸಿದವರು ಎನ್.ಎಂ. ಪಟೇಲ್ ಎಂಬ ಪಾರ್ಸಿ ವ್ಯಾಪಾರಿ. ಯಂತ್ರನಾಗರಿಕತೆಯನ್ನು ಕಟುವಾಗಿ ಟೀಕಿಸಿದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಮನುಷ್ಯನ ಕೈಯನ್ನು ನಿರುದ್ಯೋಗಿ ಮಾಡದೆ ಅದರ ಬೇಸರದ ದುಡಿಮೆಯನ್ನಷ್ಟೇ ಹಗುರ ಮಾಡುವ ಯಂತ್ರ ಎಂಬುದು ಅವರ ಕಾರಣವಾಗಿತ್ತು. ಮುಂದೆ ಕಲ್ಕತ್ತದ ಜಯ್ ಎಂಜಿನಿಯರಿಂಗ್‌ನ ಉಷಾ ಮಷೀನು ದೇಶದ ಮಧ್ಯಮವರ್ಗದ ಮನೆಮನೆಗೂ ಹೋಯಿತು.

ಆದರೂ ಕೌದಿಯ ವಿಷಯಕ್ಕೆ ಬಂದರೆ ಮಷೀನಿನ ಹೊಲಿಗೆಯನ್ನು ಕೀಳಾಗಿ ನೋಡುವ ಅಭ್ಯಾಸ ಉಳಿದುಬಿಟ್ಟಿದೆ. ಕೈಹೊಲಿಗೆಯದು ಕಲೆ, ಮಷೀನಿನದು ಬರೀ ಕೆಲಸ ಎಂಬ ಭಾವನೆ ಅದು. ಅಮೆರಿಕದಲ್ಲೂ ಈ ಜಗಳ ನಡೆದಿತ್ತು. ಕೆಂಟಕಿ ರಾಜ್ಯದ ಪಡೂಕಾ ಪಟ್ಟಣದಲ್ಲಿ ಪ್ರತಿವರ್ಷ ನಡೆಯುವ ದೊಡ್ಡ ಕ್ವಿಲ್ಟ್ ಪ್ರದರ್ಶನದಲ್ಲಿ 1989ರಲ್ಲಿ ಕ್ಯಾರಿಲ್ ಬ್ರಯರ್ ಫಾಲರ್ಟ್ ಎಂಬ ಕಲಾವಿದೆಯ ಸೂರ್ಯಗ್ರಹಣದ ಕ್ವಿಲ್ಟ್‌ಗೆ ಅತ್ಯುತ್ತಮ ಬಹುಮಾನ ಬಂತು. ಮಷೀನಿನಲ್ಲಿ ಹೊಲಿದ ಕ್ವಿಲ್ಟ್‌ಗೆ ಅಲ್ಲಿ ಆ ಗೌರವ ಸಿಕ್ಕಿದ್ದು ಅದೇ ಮೊದಲು. ವಿರೋಧವೂ ಬಂತು. ಆದರೆ ಮುಂದೆ ಅಲ್ಲಿ ಮಷೀನಿನ ಕ್ವಿಲ್ಟಿಂಗ್ ತನ್ನದೇ ಒಂದು ವೃತ್ತಿಯಾಗಿ ಬೆಳೆಯಿತು. ಮನೆಯ ಗ್ಯಾರೇಜಿನಲ್ಲಿ ಉದ್ದತೋಳಿನ ಯಂತ್ರ ಇಟ್ಟುಕೊಂಡು, ಇತರರು ಜೋಡಿಸಿ ತಂದ ಮೇಲ್ಪದರಕ್ಕೆ ಹೊಲಿಗೆ ಹಾಕಿಕೊಡುವವರು ಚದರ ಇಂಚಿನ ಲೆಕ್ಕದಲ್ಲಿ ದರ ಹೇಳುತ್ತಾರೆ. ಎಷ್ಟು ಒತ್ತಾದ ವಿನ್ಯಾಸವೋ ಅಷ್ಟು ಹೆಚ್ಚಿನ ದರ. ಗಿರಾಕಿಗೂ ಅದು ಗೊತ್ತು.

ಕೋಪರಖೈರಣೆಯ ಒಂದು ಬೆಡ್‌ರೂಮಿನ ಮನೆಯಲ್ಲಿ ಅಂಥ ಉದ್ದತೋಳಿನ ಯಂತ್ರ ಹಿಡಿಸುವುದಿಲ್ಲ. ಅದರ ಚೌಕಟ್ಟಿಗೇ ಹತ್ತು ಹನ್ನೆರಡು ಅಡಿ ಜಾಗ ಬೇಕು. ಇಲ್ಲಿರುವುದು ಕಾಲಲ್ಲಿ ತುಳಿಯುವ ಅಥವಾ ಮೋಟರ್ ಕೂರಿಸಿದ ಮನೆಮಷೀನು, ಸ್ವಲ್ಪ ಬಂಡವಾಳ ಕೂಡಿದವರ ಮನೆಯಲ್ಲಿ ಜೂಕಿ ಅಥವಾ ಜ್ಯಾಕ್ ಕಂಪನಿಯ ಮಷೀನು. ಮನೆಮಷೀನಿನ ಸೂಜಿಗೂ ಕಂಬಕ್ಕೂ ನಡುವೆ ಇರುವ ಜಾಗ ಒಂದು ಗೇಣಿನಷ್ಟು. ಸುರುಳಿ ಸುತ್ತಿದ ಇಡೀ ಕೌದಿ ಆ ಸಂದಿಯಲ್ಲಿ ತೂರಬೇಕು. ಇಬ್ಬರ ಹಾಸಿಗೆಯ ರಜಾಯಿಯಾದರೆ ಭುಜ, ಮಣಿಕಟ್ಟು, ಬೆನ್ನು ಮೂರೂ ಸಾಕ್ಷಿ ಹೇಳುತ್ತವೆ. ಆದ್ದರಿಂದ ಕೌದಿಯನ್ನು ಎರಡು ಮೂರು ಅಡಿಯ ಚೌಕಗಳಾಗಿ ಪದರ ಸಮೇತ ಹೊಲಿದು, ಆಮೇಲೆ ಒಂದಕ್ಕೊಂದು ಜೋಡಿಸುವ ಪದ್ಧತಿ ಸಣ್ಣ ಮನೆಗೆ ಚೆನ್ನಾಗಿ ಒಗ್ಗುತ್ತದೆ. ಪದರಗಳು ಒಂದರ ಮೇಲೊಂದು ಜಾರಿ ನೆರಿಗೆ ಬೀಳದಿರಲು ವಾಕಿಂಗ್ ಫೂಟ್ ಹಾಕುತ್ತಾರೆ; ಅದು ಮೇಲಿನ ಬಟ್ಟೆಯನ್ನೂ ಕೆಳಗಿನದ್ದನ್ನೂ ಒಟ್ಟಿಗೆ ಎಳೆಯುತ್ತದೆ. ಬಳ್ಳಿ, ಹೂವು ಬೇಕೆಂದರೆ ಮಷೀನಿನ ಹಲ್ಲು ಇಳಿಸಿ, ಬಟ್ಟೆಯನ್ನು ಕೈಯಿಂದಲೇ ಓಡಿಸಬೇಕು. ಪಾದದ ವೇಗಕ್ಕೂ ಕೈಯ ವೇಗಕ್ಕೂ ತಾಳ ತಪ್ಪಿದರೆ ಹೊಲಿಗೆ ಒಂದೆಡೆ ದೊಡ್ಡದು, ಒಂದೆಡೆ ಚಿಕ್ಕದು. ಈ ತಾಳ ಕೂಡಿಬರಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಮಷೀನು ತಾನಾಗಿ ಕೌದಿ ಹೊಲಿಯುತ್ತದೆ ಎಂದುಕೊಂಡವರು ಒಮ್ಮೆ ಈ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಬೇಕು.

ಯಂತ್ರಕ್ಕಿಂತ ವೇಗವಾಗಿ ಬದಲಾದದ್ದು ಬಟ್ಟೆ. ಕೌದಿಯ ಜೀವ ಇರುವುದು ಒಗೆದು ಒಗೆದು ಮೆತ್ತಗಾದ ಹತ್ತಿಯಲ್ಲಿ. ದಿನಬಳಕೆಗೆ ಹತ್ತಿ ಸೀರೆ ಉಡುವವರು ಕಡಿಮೆಯಾದರು. ಮನೆಯಲ್ಲಿ ನೈಟಿ, ಹೊರಗೆ ಸಲ್ವಾರ್, ಸಮಾರಂಭಕ್ಕೆ ಪಾಲಿಯೆಸ್ಟರ್ ಸೀರೆ. ಗಿರಾಕಿ ತರುವ ಗಂಟಿನಲ್ಲಿ ಈಗ ಹತ್ತಿಗಿಂತ ಸಿಂಥೆಟಿಕ್ಕೇ ಹೆಚ್ಚು. ಅದು ಜಾರುತ್ತದೆ, ಬೆವರು ಹೀರುವುದಿಲ್ಲ, ಇಸ್ತ್ರಿಯ ಬಿಸಿಗೆ ಮುದುಡುತ್ತದೆ. ಹೀಗಾಗಿ ಒಳಪದರಕ್ಕೂ ಅಡಿಪದರಕ್ಕೂ ಹೊಸ ಹತ್ತಿ ಬಟ್ಟೆ ಕೊಳ್ಳಬೇಕು. ಅದಕ್ಕೆ ಕಲ್ಯಾಣದ ಮುಂದಿನ ಉಲ್ಹಾಸನಗರವೋ, ವಾಶಿಯಿಂದ ಹಾರ್ಬರ್ ಗಾಡಿಯಲ್ಲಿ ಮಸ್ಜಿದ್‌ಗೆ ಇಳಿದು ಮಂಗಲದಾಸ ಮಾರ್ಕೆಟ್ಟೋ ಗತಿ. ಲಕ್ಷಾಂತರ ಮಗ್ಗಗಳ ಭಿವಂಡಿ ಹತ್ತಿರದಲ್ಲೇ ಇದೆ. ಆದರೆ ಅಲ್ಲಿಯ ವ್ಯಾಪಾರ ಥಾನುಗಟ್ಟಲೆ ನಡೆಯುವಂಥದ್ದು; ಹತ್ತು ಮೀಟರ್ ಬೇಕಾದವರಿಗೆ ಅದು ದೂರವೇ.

ಹೊದೆಯುವ ರೀತಿಯೂ ಮೊದಲಿನಂತಿಲ್ಲ. ಖಾರಿಯ ದಡದ ಈ ಊರಿನಲ್ಲಿ ದಪ್ಪ ಕೌದಿ ಬೇಕೆನಿಸುವ ರಾತ್ರಿಗಳು ಕಡಿಮೆ. ಅದರ ಬದಲು ಎಸಿ ಕೋಣೆಗೆ ತೆಳು ಹೊದಿಕೆ ಬೇಕು. ಮೂರು ಪದರದ ಮಲ್‌ಮಲ್ ದೋಹರ್ ಕೇಳುವವರಿದ್ದಾರೆ. ಒಂದು ಕಡೆ ಪಾಣಿಪತ್ತಿನಿಂದ ಬರುವ ಅಗ್ಗದ ಬ್ಲಾಂಕೆಟ್, ಇನ್ನೊಂದು ಕಡೆ ಹತ್ತಾರು ಸೂಜಿಗಳ ಕಾರ್ಖಾನೆ ಯಂತ್ರದಲ್ಲಿ ಥಾನುಗಟ್ಟಲೆ ಹೊಲಿದು ಬರುವ ಕಂಫರ್ಟರ್. ಈಗ ದಾರವೇ ಇಲ್ಲದೆ, ಅಲ್ಟ್ರಾಸೋನಿಕ್ ಕಂಪನದಿಂದ ಸಿಂಥೆಟಿಕ್ ಪದರಗಳನ್ನು ಕರಗಿಸಿ ಅಂಟಿಸುವ ಯಂತ್ರಗಳೂ ಬಂದಿವೆ. ಬೆಲೆಯಲ್ಲಿ ಇವುಗಳ ಜೊತೆ ಪೈಪೋಟಿಗೆ ಇಳಿಯುವ ಮನೆಕಸುಬು ಸೋಲುವುದು ಖಚಿತ. ಸೋಲುವಾಗ ಅದು ಮೊದಲು ಬಿಟ್ಟುಕೊಡುವುದು ತನ್ನ ಕೂಲಿಯನ್ನು.

ಕೊರೊನಾ ಕಾಲ ಈ ಕಸುಬಿಗೆ ಎರಡು ಪಾಠ ಕಲಿಸಿತು. 2020ರ ಮಾರ್ಚ್ 25ರಿಂದ ದೇಶ ಬಾಗಿಲು ಹಾಕಿದಾಗ ಬಟ್ಟೆ ಮಾರುಕಟ್ಟೆ ಮುಚ್ಚಿತು, ಲೋಕಲ್ ನಿಂತಿತು. ಆದರೆ ಮನೆಯಲ್ಲಿದ್ದ ಚಿಂದಿ ಬಟ್ಟೆಯೇ ಮಾಸ್ಕ್ ಆಯಿತು. ಮನೆ ಮನೆಯ ಮಷೀನು ಊರಿನ ಜೀವ ಕಾಯುವ ಕೆಲಸಕ್ಕೆ ನಿಂತಿತು. ಹೆಂಗಸರಿಗೆ ಸೀಮಿತ ವೇಳೆಯಲ್ಲಿ ಲೋಕಲ್ ಹತ್ತಲು ಅನುಮತಿ ಸಿಕ್ಕಿದ್ದು ಆ ವರ್ಷ ಅಕ್ಟೋಬರ್ ಕೊನೆಗೆ. ಅಷ್ಟರೊಳಗೆ ವಾಟ್ಸಾಪ್ ಫೋಟೋ, ಯುಪಿಐ, ಕೊರಿಯರ್ ಮೂರನ್ನೂ ಕಲಿತವರು ಗಿರಾಕಿಯನ್ನು ಓಣಿಯ ಆಚೆಗೆ ಹುಡುಕಿಕೊಂಡರು. ಮನೆಯ ಮಷೀನು ಊರಿಗೆ ಬೇಕು ಎಂಬುದು ಮೊದಲ ಪಾಠ. ಗಿರಾಕಿ ದೂರದಲ್ಲಿದ್ದರೂ ಕಸುಬು ನಡೆಯುತ್ತದೆ ಎಂಬುದು ಎರಡನೆಯದು.

ಹಾಗಾದರೆ ಕಾರ್ಖಾನೆಗೆ ಆಗದ, ಮನೆಮಷೀನಿಗೆ ಮಾತ್ರ ಆಗುವ ಕೆಲಸ ಯಾವುದು? ತೀರಿಹೋದ ಅಜ್ಜಿಯ ಆರು ಸೀರೆಗಳನ್ನು ನಾಲ್ಕು ಮೊಮ್ಮಕ್ಕಳಿಗೆ ನಾಲ್ಕು ಹೊದಿಕೆಯಾಗಿ ಹಂಚುವ ಕೆಲಸ. ಮಗುವಿನ ಮೊದಲ ವರ್ಷದ ಅಂಗಿಗಳನ್ನೆಲ್ಲ ಕೂಡಿಸಿ ಒಂದು ಪುಟ್ಟ ಕೌದಿ ಮಾಡುವ ಕೆಲಸ. ದಿವಾನಿನ, ತೊಟ್ಟಿಲಿನ, ಗಾಲಿಕುರ್ಚಿಯ ಅಳತೆಗೆ ಹೊಲಿದುಕೊಡುವ ಕೆಲಸ. ಹಳೆಯ ಕೌದಿಯ ಸವೆದ ಪದರ ತೆಗೆದು ಹೊಸದು ಕೂರಿಸುವ ಕೆಲಸ. ಇವುಗಳಲ್ಲಿ ಒಂದೂ ಥಾನಿನ ಲೆಕ್ಕಕ್ಕೆ ಬರುವುದಿಲ್ಲ. ಒಂದೊಂದೂ ಬೇರೆ ಬೇರೆ, ಒಂದೊಂದಕ್ಕೂ ಬೇರೆ ಯೋಚನೆ. ಇಲ್ಲಿ ಗಿರಾಕಿ ಕೊಳ್ಳುತ್ತಿರುವುದೇ ಹೊಲಿಯುವವಳ ಸಮಯ ಮತ್ತು ತೀರ್ಮಾನಗಳನ್ನು. ಬೆಲೆಯಲ್ಲಿ ಕಾಣದೆ ಹೋಗುತ್ತಿರುವುದೂ ಅವೇ.

ಒಂದು ಮಾದರಿ ಲೆಕ್ಕ ಹಾಕಿ ನೋಡಬಹುದು. ಗಿರಾಕಿಯದೇ ಸೀರೆ. ವ್ಯಾಡಿಂಗು ಮತ್ತು ಅಡಿಬಟ್ಟೆಗೆ 700 ರೂಪಾಯಿ, ದಾರ–ಸೂಜಿಗೆ 60, ಕರೆಂಟು ಮತ್ತು ಮಷೀನಿನ ಸವಕಳಿಗೆ 60, ಓಡಾಟಕ್ಕೆ 80 ಎಂದಿಟ್ಟುಕೊಂಡರೆ ಒಟ್ಟು 900. ಈಗ ಹೊತ್ತು. ಕತ್ತರಿಸಿ ಜೋಡಿಸಲು ಆರು ಗಂಟೆ, ಪದರ ಹಾಸಿ ಪಿನ್ನು ಚುಚ್ಚಲು ಒಂದೂವರೆ, ಹೊಲಿಗೆಗೆ ನಾಲ್ಕು, ಗೋಟಿಗೆ ಒಂದೂವರೆ: ಹದಿಮೂರು ಗಂಟೆ. ಗಂಟೆಗೆ 100 ರೂಪಾಯಿ ಹಿಡಿದರೆ 1,300. ಕೌದಿಯ ಬೆಲೆ 2,200 ಆಗಬೇಕು. ಗಿರಾಕಿ 1,400ಕ್ಕೆ ಇಳಿಸಿಕೊಂಡರೆ ವ್ಯಾಡಿಂಗಿನ ಅಂಗಡಿಯವನ 700 ಕಡಿಮೆಯಾಗುವುದಿಲ್ಲ, ದಾರದ 60 ಕಡಿಮೆಯಾಗುವುದಿಲ್ಲ. ಹದಿಮೂರು ಗಂಟೆಗೆ ಉಳಿಯುವುದು 500. ಗಂಟೆಗೆ ನಲವತ್ತು ರೂಪಾಯಿಯೂ ದಕ್ಕಲಿಲ್ಲ. ಚೌಕಾಸಿಯ ಅಷ್ಟೂ ಭಾರ ಬಿದ್ದದ್ದು ಕೂಲಿಯ ಮೇಲೆ.

ಮನೆಯಲ್ಲೇ ಇರುತ್ತಾರಲ್ಲ, ಬಿಡುವಿನಲ್ಲಿ ಹೊಲಿಯುತ್ತಾರಲ್ಲ ಎನ್ನುವವರು ಬಿಡುವಿನ ಲೆಕ್ಕವನ್ನೂ ನೋಡಲಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಹೆಚ್ಚುಕಡಿಮೆ ಐದು ಗಂಟೆ ಅಡುಗೆಮನೆ, ಬಟ್ಟೆ, ಕಸ, ಪಾತ್ರೆಗೆ ಹೋದ ಮೇಲೆ ಮಷೀನಿನ ಮುಂದೆ ಕೂರುವ ಹೊತ್ತು ಬಿಡುವಿನದಲ್ಲ. ಅದು ಎರಡನೇ ಪಾಳಿ.

ಮನೆಯೊಳಗಿನ ದುಡಿಮೆಯೂ ದುಡಿಮೆಯೇ ಎಂಬ ಮಾತನ್ನು ಗಟ್ಟಿಯಾಗಿ ಹೇಳಿದವರು ಅಹಮದಾಬಾದಿನ ಹೆಂಗಸರು. ಇಳಾ ಭಟ್ 1972ರಲ್ಲಿ ಸ್ವಯಂ ಉದ್ಯೋಗಿ ಹೆಂಗಸರ 'ಸೇವಾ' ಸಂಘಟನೆಯನ್ನು ಕಾರ್ಮಿಕ ಸಂಘವಾಗಿ ನೋಂದಾಯಿಸಲು ಹೊರಟಾಗ ಅಧಿಕಾರಿಗಳ ಆಕ್ಷೇಪ, ಮಾಲೀಕನೇ ಇಲ್ಲದ ಕೆಲಸಗಾರರಿಗೆ ಸಂಘ ಏಕೆ ಎಂಬುದಾಗಿತ್ತು. ಅದೇ ದಶಕದ ಕೊನೆಗೆ, ಗಿರಣಿಗಳ ಚಿಂದಿ ತಂದು ಮನೆಯಲ್ಲಿ ರಜಾಯಿಯ ಖೋಲು ಹೊಲಿಯುತ್ತಿದ್ದ ಮುಸ್ಲಿಂ ಹೆಂಗಸರು ಸೇವಾ ಜೊತೆ ಸೇರಿ ತುಂಡಿನ ದರ ಏರಿಸಲು ಕೇಳಿದರು. ವ್ಯಾಪಾರಿಗಳು ಒಪ್ಪಿ, ಆಮೇಲೆ ಕೆಲಸ ಕೊಡುವುದನ್ನೇ ನಿಲ್ಲಿಸಿ ಸೇಡು ತೀರಿಸಿಕೊಂಡಾಗ ಅವರು ತಮ್ಮದೇ 'ಸಬೀನಾ' ಎಂಬ ಚಿಂದಿ ಸಹಕಾರ ಸಂಘ ಕಟ್ಟಿಕೊಂಡರು. ರಜಾಯಿ ಹೊಲಿಯುವವರ ಕೂಲಿಯ ಹೋರಾಟ ಹೀಗೆ ಭಾರತದ ಕಾರ್ಮಿಕ ಇತಿಹಾಸದಲ್ಲೇ ದಾಖಲಾಗಿದೆ.

ಮುಂಬಯಿಯಲ್ಲೂ ದಾರಿ ತೋರಿಸಿದವರಿದ್ದಾರೆ. 1959ರ ಮಾರ್ಚ್ 15ರಂದು ಗಿರಗಾಂವ್‌ನ ಚಾಳೊಂದರ ಮಾಳಿಗೆಯ ಮೇಲೆ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಹಪ್ಪಳ ಲಟ್ಟಿಸಲು ಶುರುಮಾಡಿದ ಲಿಜ್ಜತ್ ಇವತ್ತಿಗೂ ನಿಂತಿರುವುದಕ್ಕೆ ಒಂದು ಮುಖ್ಯ ಕಾರಣ, ಕೂಲಿಯನ್ನು ಮೊದಲು ಗೊತ್ತುಮಾಡಿದ್ದು. ಹಿಟ್ಟು ಸಂಸ್ಥೆಯದು, ಲಟ್ಟಿಸುವುದು ಮನೆಯಲ್ಲಿ, ಕಿಲೋಗೆ ಇಂತಿಷ್ಟು. ಕೊಳ್ಳುವವರು ಚೌಕಾಸಿ ಮಾಡಿದರೆ ಲಟ್ಟಿಸುವವಳ ಪಾಲು ಕರಗುವುದಿಲ್ಲ. ಕರ್ನಾಟಕದಲ್ಲಿ ಸಂಡೂರು ಕುಶಲಕಲಾ ಕೇಂದ್ರ ಲಂಬಾಣಿ ಹೆಂಗಸರ ಕಸೂತಿ ಮತ್ತು ತೇಪೆಕೆಲಸಕ್ಕೆ ಒಂದೇ ಛಾವಣಿ ಒದಗಿಸಿದೆ. 2023ರ ಜುಲೈನಲ್ಲಿ ಹಂಪಿಯ ಜಿ–20 ಸಭೆಯ ವೇಳೆ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನವಿ ಮುಂಬಯಿಯ ಕೌದಿ ಹೊಲಿಯುವವರು ಒಬ್ಬೊಬ್ಬರೇ ಬಾಗಿಲ ಹಿಂದೆ ಕೂತು ದರ ಹೇಳುವವರೆಗೆ ದರ ಇಳಿಯುತ್ತಲೇ ಇರುತ್ತದೆ. ಹತ್ತು ಮನೆಯವರು ಕೂಡಿ ವ್ಯಾಡಿಂಗನ್ನು ರೋಲುಗಟ್ಟಲೆ ತಂದು, ಒಂದೇ ದರಪಟ್ಟಿ ಇಟ್ಟುಕೊಂಡರೆ ಖರ್ಚೂ ಇಳಿಯುತ್ತದೆ, ಹಿಂಜರಿಕೆಯೂ ಹೋಗುತ್ತದೆ.

ಸರ್ಕಾರದ ಕಡೆಯಿಂದ ಏನೂ ಇಲ್ಲ ಎನ್ನುವಂತಿಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ 2020ರ ಜುಲೈಯಿಂದ ಆನ್‌ಲೈನಿನಲ್ಲಿ ಉಚಿತ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದ್ದಾನೆ. ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ. ವಿದ್ಯುತ್ತಿನ ವಿಷಯದಲ್ಲೂ ಒಂದು ಒಳ್ಳೆಯ ನಿಯಮವಿದೆ. ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ದರ ಆದೇಶಗಳ ಪ್ರಕಾರ, ಮನೆಯ ಒಂದು ಭಾಗದಲ್ಲಿ ವ್ಯವಹಾರ ಮಾಡುವವರ ಬಳಕೆ ತಿಂಗಳಿಗೆ 300 ಯೂನಿಟ್, ಹಿಂದಿನ ವರ್ಷದಲ್ಲಿ 3,600 ಯೂನಿಟ್ ಮೀರದಿದ್ದರೆ ಗೃಹಬಳಕೆಯ ದರವೇ ಸಾಕು. ಹಳೆಯ ಕ್ಲಚ್ ಮೋಟರ್ ಬದಲು, ಪಾದ ಒತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟರ್ ಹಾಕಿಕೊಂಡರೆ ಮಷೀನಿನ ಪಾಲು ಇನ್ನೂ ಕಡಿಮೆ. ಕಮರ್ಷಿಯಲ್ ಮೀಟರ್ ಆಗುತ್ತದೆ ಎಂಬ ಭಯದಿಂದ ಬೋರ್ಡು ಹಾಕದೆ ಕದ್ದುಮುಚ್ಚಿ ಹೊಲಿಯುವ ಅಗತ್ಯವಿಲ್ಲ. ಇದನ್ನು ಸೊಸೈಟಿಗಳ ಪದಾಧಿಕಾರಿಗಳಿಗೂ ತಿಳಿಸಿ ಹೇಳಬೇಕು.

ಎಡವಟ್ಟಾಗಿರುವುದು ಜಿಎಸ್‌ಟಿಯಲ್ಲಿ. ವರ್ಷಕ್ಕೆ 40 ಲಕ್ಷದವರೆಗೆ ಸರಕು ಮಾರುವವರಿಗೆ ರಾಜ್ಯದೊಳಗೆ ನೋಂದಣಿ ಬೇಡ. ಆದರೆ ಕೋಪರಖೈರಣೆಯಿಂದ ಹುಬ್ಬಳ್ಳಿಗೆ ಒಂದು ಮಷೀನ್ ಕೌದಿ ಮಾರಿ ಕಳಿಸಬೇಕೆಂದರೆ ಅದು ಅಂತರರಾಜ್ಯ ಮಾರಾಟ. ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಬೇಕಾಗುತ್ತದೆ. ಕರಕುಶಲ ವಸ್ತುಗಳಿಗೆ ಇರುವ ವಿನಾಯಿತಿ ಮುಖ್ಯವಾಗಿ ಕೈಯಿಂದ ಮಾಡಿದ, ಅಧಿಸೂಚನೆಯ ಪಟ್ಟಿಯಲ್ಲಿರುವ ವಸ್ತುಗಳಿಗೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಹತ್ತಿ ರಜಾಯಿಗೆ ಶೇ 5, ಅದನ್ನು ಮೀರಿದರೆ ಶೇ 18 ತೆರಿಗೆ. ಮೇಲಿನ ಮಾದರಿ ಲೆಕ್ಕದಲ್ಲಿ ಗಂಟೆಯ ಕೂಲಿಯನ್ನು 100ರಿಂದ 130ಕ್ಕೆ ಏರಿಸಿದರೆ ಬೆಲೆ 2,590 ಆಗುತ್ತದೆ. ಕೂಡಲೇ ಶೇ 18ರ ಪಟ್ಟಿಗೆ ಜಿಗಿಯುತ್ತದೆ. ನೋಂದಾಯಿಸಿಕೊಂಡ ಸಣ್ಣ ಉತ್ಪಾದಕಿ ತನ್ನ ಶ್ರಮಕ್ಕೆ ನ್ಯಾಯವಾದ ಬೆಲೆ ಹೇಳಿದರೆ ತೆರಿಗೆ ಹೆಚ್ಚು, ಶ್ರಮವನ್ನು ಮುಚ್ಚಿಟ್ಟರೆ ಕಡಿಮೆ. ಈ ವ್ಯವಸ್ಥೆ ಸರಿಯಲ್ಲ. ಉದ್ಯಮ್ ನೋಂದಣಿ ಇರುವ ಮನೆ ಉತ್ಪಾದಕರಿಗೆ ಒಂದು ಮಿತಿಯವರೆಗೆ ಅಂತರರಾಜ್ಯ ಮಾರಾಟಕ್ಕೂ ವಿನಾಯಿತಿ ಕೊಡಬೇಕು. ಮನೆಯಲ್ಲಿ ಒಬ್ಬರೇ ಕೂತು ಮಷೀನಿನಲ್ಲಿ ಹೊಲಿದ ಕೌದಿಯನ್ನೂ ಕರಕುಶಲದ ಪಟ್ಟಿಗೆ ಸೇರಿಸಬೇಕು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಯಿಂದ ದುಡಿಯುವವರಿಗಾಗಿ 177ನೇ ಒಡಂಬಡಿಕೆಯನ್ನು 1996ರಲ್ಲೇ ಅಂಗೀಕರಿಸಿತು. ಭಾರತ ಅದನ್ನು ಅನುಮೋದಿಸಿಲ್ಲ. ಅದೇ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಲೋಕದಾದ್ಯಂತ ಮನೆಯಿಂದ ದುಡಿಯುತ್ತಿದ್ದವರು ಸುಮಾರು 26 ಕೋಟಿ. ನಮ್ಮ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಿಂದ ದುಡಿಯುವವರ ವ್ಯಾಖ್ಯೆ ಇದೆ. ಆದರೆ ಅದು ಮಾಲೀಕನೊಬ್ಬನಿಗಾಗಿ ಮನೆಯಲ್ಲಿ ಸರಕು ಮಾಡಿಕೊಡುವವರನ್ನು ಕುರಿತದ್ದು. ತಾವೇ ಮಾಡಿ ತಾವೇ ಮಾರುವವರು ಸ್ವಯಂ ಉದ್ಯೋಗಿಗಳ ದೊಡ್ಡ ಗುಂಪಿನಲ್ಲಿ ಕಾಣದಾಗುತ್ತಾರೆ. ಕೌದಿ ಹೊಲಿಯುವವಳು ಒಂದು ತಿಂಗಳು ಬೊಟಿಕ್ಕಿಗೆ ತುಂಡಿನ ದರಕ್ಕೆ ಹೊಲಿಯುತ್ತಾಳೆ, ಮರುತಿಂಗಳು ತನ್ನದೇ ಆರ್ಡರ್. ಕಾನೂನಿನ ಗೆರೆ ಅವಳ ಬದುಕಿನ ನಡುವೆಯೇ ಹಾದುಹೋಗುತ್ತದೆ.

ಬೆಲೆ ಏರಿಸಿದರೆ ಗಿರಾಕಿ ಓಡಿಹೋಗುತ್ತಾರೆ ಎಂಬ ಅಂಜಿಕೆ ಸಹಜ. ಕೆಲವರು ಹೋಗುತ್ತಾರೆ, ನಿಜ. ಆರುನೂರು ರೂಪಾಯಿಯ ಬ್ಲಾಂಕೆಟ್ ಸಾಕು ಎನ್ನುವವರಿಗೆ ಅದೇ ಸರಿಯಾದ ಆಯ್ಕೆ. ಅವರಿಗಾಗಿ ನಷ್ಟಕ್ಕೆ ಹೊಲಿಯಬೇಕಾಗಿಲ್ಲ. ಉಳಿಯುವವರು ತಮ್ಮ ಮನೆಯ ಬಟ್ಟೆಗೆ, ತಮ್ಮ ಅಳತೆಗೆ, ತಮ್ಮ ನೆನಪಿಗೆ ಬೆಲೆ ಕೊಡಲು ಬಂದವರು. ಅವರಿಗೆ ಒಟ್ಟು ಮೊತ್ತದ ಬದಲು ವಿವರ ಕೊಟ್ಟರೆ ಮಾತುಕತೆಯ ದಿಕ್ಕೇ ಬದಲಾಗುತ್ತದೆ: ಸಾಮಗ್ರಿ ಇಷ್ಟು, ಹೊಲಿಗೆ ಇಷ್ಟು ಗಂಟೆ, ಗೆರೆಯ ಅಂತರ ಇಷ್ಟು. ಹಣ ಕಡಿಮೆ ಇದ್ದರೆ ಗೆರೆಯ ಅಂತರ ಹೆಚ್ಚಿಸಬಹುದು, ತುಂಡುಗಳನ್ನು ದೊಡ್ಡದಾಗಿಸಬಹುದು, ಹೂಬಳ್ಳಿ ಬಿಟ್ಟು ನೇರ ಗೆರೆ ಹೊಡೆಯಬಹುದು. ಕೆಲಸ ಇಳಿಸಿ ಬೆಲೆ ಇಳಿಸುವ ದಾರಿ ಇರುವಾಗ ಕೂಲಿ ಇಳಿಸುವ ಮಾತು ಬೇಡ.

ನವಿ ಮುಂಬಯಿ ಕನ್ನಡ ಸಂಘ, ಡೊಂಬಿವಲಿಯ ಕರ್ನಾಟಕ ಸಂಘದಂಥ ಸಂಸ್ಥೆಗಳಿಗೆ ಇಲ್ಲೊಂದು ಕೆಲಸವಿದೆ. ರಾಜ್ಯೋತ್ಸವದ ಕಾರ್ಯಕ್ರಮ ಬರುವುದು ನವೆಂಬರಿನಲ್ಲಿ, ಚಳಿ ಶುರುವಾಗುವ ಹೊತ್ತಿಗೆ. ಸಭಾಂಗಣದ ಬಾಗಿಲಲ್ಲಿ ಕೌದಿ ಹೊಲಿಯುವವರಿಗೆ ನಾಲ್ಕು ಮೇಜು ಬಾಡಿಗೆಯಿಲ್ಲದೆ ಕೊಡಲಿ. ಪ್ರತಿ ಕೌದಿಗೂ ಒಂದು ಚೀಟಿ ಇರಲಿ: ಯಾವ ಬಟ್ಟೆ, ಎಷ್ಟು ಪದರ, ಎಷ್ಟು ಗಂಟೆ, ಗಂಟೆಗೆ ಎಷ್ಟು. ಉದ್ಯಮ್, ವಿಶ್ವಕರ್ಮ ಅರ್ಜಿ ತುಂಬಿಕೊಡಲು ಕಂಪ್ಯೂಟರ್ ಬಲ್ಲ ಇಬ್ಬರು ಯುವಕರು ಪಕ್ಕದಲ್ಲೇ ಕೂರಲಿ. ಅತಿಥಿಗಳಿಗೆ ಹೊದಿಸುವ ಪಾಲಿಯೆಸ್ಟರ್ ಶಾಲಿನ ಬದಲು ಸಂಘಗಳು ಈ ಸಲ ಇಲ್ಲಿಯದೇ ಹೆಂಗಸರು ಹೊಲಿದ ಪುಟ್ಟ ಕೌದಿಗಳನ್ನು, ಚೀಟಿಯಲ್ಲಿ ಬರೆದ ಪೂರ್ತಿ ಬೆಲೆ ಕೊಟ್ಟು ಕೊಳ್ಳಲಿ. ಅದರ ಆರ್ಡರ್ ಮಳೆಗಾಲ ಮುಗಿಯುವ ಮೊದಲೇ ಕೊಡಬೇಕಾಗುತ್ತದೆ. ಒಂದೊಂದು ಮಷೀನಿಗೂ ತನ್ನದೇ ವೇಗವಿದೆ.